ದನಿಯಿಲ್ಲದ ಮದುವೆ ಊಟ

ಹುರಿದ ಕೋಳಿಗೆ ವಾರ್ನಿಶ್ ಬಳಿದಿದ್ದರು. ಬೆಳಗಿನಿಂದ ಅದೇ ಕೋಳಿ, ಅದೇ ತಟ್ಟೆ, ಬಹುಶಃ ಅದೇ ನೊಣ. ಜಮೀನ್ದಾರರ ಹಳೇ ಬಂಗಲೆಯ ಹಿಂದೆ, ಮರಗಳ ನೆರಳಲ್ಲಿ ಸಾಲಾಗಿ ಹಾಕಿದ ಮೇಜುಗಳ ಮೇಲೆ, ನೂರು ವರ್ಷದ ಹಿಂದಿನ ಒಂದು ಮದುವೆ ಊಟ ನಡೆಯುತ್ತಿತ್ತು. ಸಿನಿಮಾದವರು 'ಊಟದ ದೃಶ್ಯ' ಅಂದಾಗ ನಮ್ಮ ಅರ್ಸಿಲ್ ಊರಿನವರು ಬೆಳಗಿನ ತಿಂಡಿ ಬಿಟ್ಟು ಬಂದಿದ್ದರು. ದೃಶ್ಯವೇನೋ ಉಂಟು, ಉಂಡವರು ಯಾರೂ ಇಲ್ಲ ಅನ್ನುವುದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು.

ಪ್ಯಾರಿಸ್‌ನಿಂದ ಬಂದಿದ್ದ ಆ ಸಿನಿಮಾದ ಕಥೆ ಒಂದು ದೊಡ್ಡ ಮನೆತನದ್ದು. ಅಪ್ಪ ಆಸ್ತಿಯನ್ನೆಲ್ಲ ಕಿರಿಮಗನಿಗೆ ಬರೆಯುತ್ತಾನೆ, ಹಿರಿಮಗ ತಂಗಿಯ ಮದುವೆ ಊಟದಲ್ಲೇ ಎದ್ದು ನಿಂತು ಅಪ್ಪನ ಮಾನ ಹರಾಜು ಹಾಕುತ್ತಾನೆ. ಮಾನ ಹರಾಜಾಗಬೇಕಾದರೆ ನೋಡಲು ನೆಂಟರು ಬೇಕಲ್ಲ, ಅದಕ್ಕೆ ನಮ್ಮೂರಿನವರನ್ನು ಹಿಡಿದು, ಜುಲೈ ಬಿಸಿಲಲ್ಲಿ ಉಣ್ಣೆಯ ಕೋಟು ತೊಡಿಸಿ, ಹೆಂಗಸರಿಗೆ ಉಸಿರು ಕಟ್ಟುವ ರವಿಕೆ ಬಿಗಿದು ಕೂರಿಸಿದ್ದರು. ಸಹನಟರು ಅಂತ ಕರೆದರು. ಸಹನೆಯ ನಟರು ಅಂತ ಗಾಸ್ಪಾರ್ ತಿದ್ದಿದ.

ಗಾಸ್ಪಾರ್ ಗೊದ್ರಿ ನಮ್ಮೂರಿನ ಶಾಲೆ ಬಸ್ಸಿನ ಚಾಲಕ. ಐವತ್ತು ದಾಟಿದ ಮನುಷ್ಯ, ಮದುವೆಯಿಲ್ಲ. ಯಾರನ್ನು ಬೇಕಾದರೂ ಅಣಕಿಸಬಲ್ಲ. ನಡಿಗೆ, ಹುಬ್ಬು, ಗದ್ದ, ಎಲ್ಲ ಆ ಮನುಷ್ಯನದೇ ಆಗಿಬಿಡುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ಅವನ ಅಣಕು ಹುಟ್ಟಿದ್ದೇ ದನಿ ಬೇಕಿಲ್ಲದ ಮನೆಯಲ್ಲಿ. ತಾಯಿ ಯೂಜೆನಿಗೆ ಚಿಕ್ಕಂದಿನಲ್ಲಿ ಮಿದುಳಿಗೆ ಜ್ವರ ಏರಿ ಎರಡೂ ಕಿವಿ ಹೋಗಿದ್ದವು. ಅಷ್ಟರಲ್ಲಿ ಮಾತು ಕಲಿತಿದ್ದಳಾದ್ದರಿಂದ ಮಾತು ಉಳಿಯಿತು: ಏರಿಳಿತವಿಲ್ಲದ, ಹಲಗೆ ಬಡಿದಂಥ ದೊಡ್ಡ ದನಿ. ಬೇರೆಯವರ ಮಾತನ್ನು ತುಟಿ ನೋಡಿ ಓದುತ್ತಿದ್ದಳು. ರಸ್ತೆಯ ಆ ಬದಿಯ ಜಗಳವನ್ನು ಈ ಬದಿಯ ಕಿಟಕಿಯಿಂದ ಪೂರ್ತಿ ಓದಿ, ಸಂಜೆ ಯಾರು ಸರಿ ಅಂತ ತೀರ್ಪು ಕೊಡುತ್ತಿದ್ದಳು.

ಹಾಗಾಗಿ ಗಾಸ್ಪಾರ್ ಮತ್ತು ಅವನ ತಂಗಿ ಸೊಲಾಂಜ್ ತೊಟ್ಟಿಲಿನಿಂದಲೇ ಬರೀ ತುಟಿಯಲ್ಲಿ ಮಾತಾಡಿ ಬೆಳೆದವರು. ತರಗತಿಯಲ್ಲಿ, ಚರ್ಚಿನಲ್ಲಿ, ಅಪ್ಪನ ಶವದ ಎದುರಿನಲ್ಲಿ ಕೂಡ. ಸೊಲಾಂಜ್ ಈಗ ದೀಜೊಂ ಪಟ್ಟಣದಲ್ಲಿ ತಲೆಗೂದಲಿನ ಸಲೂನ್ ಇಟ್ಟಿದ್ದಾಳೆ. ಸಿನಿಮಾದಲ್ಲಿ ಕಾಣಿಸಿಕೊಳ್ಳಬಹುದು ಅಂತ ಕೇಳಿ ಅವತ್ತಿನ ರೈಲು ಹಿಡಿದು ಬಂದಿದ್ದಳು. ಅಮ್ಮನ ಹುಟ್ಟುಹಬ್ಬಕ್ಕೆ ಬಂದಿರಲಿಲ್ಲ.

"ನೀವಿಬ್ಬರು ಗಂಡ ಹೆಂಡತಿ," ಅಂದಳು ಸಹಾಯಕಿ ಮಿರೆಯ್, ಎದುರುಬದುರು ಕೂರಿಸುತ್ತಾ.

"ಅಣ್ಣ ತಂಗಿ ರೀ ನಾವು!"

"ಇಬ್ಬರ ಮುಖದಲ್ಲೂ ಇಷ್ಟೊಂದು ಬೇಜಾರಿದೆ. ಗಂಡ ಹೆಂಡತೀನೇ ಸರಿ." ಮಿರೆಯ್ ಧ್ವನಿವರ್ಧಕ ಎತ್ತಿಕೊಂಡು ಎಲ್ಲರಿಗೂ ಕೂಗಿದಳು: "ಕೇಳಿ! ನಾನು ಶುರು ಅಂದ ತಕ್ಷಣ ನೀವೆಲ್ಲ ಮಾತಾಡ್ತಿರಬೇಕು. ಆದರೆ ದನಿ ಬರಕೂಡದು! ಬರೀ ಬಾಯಿ! ಏನಾದ್ರೂ ಮಾತಾಡಿ, ಯಾರಿಗೂ ಕೇಳಿಸಲ್ಲ!"

ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಊರಿಗೆ, ಮಾತಾಡಿ ಅಂತ ಅಪ್ಪಣೆಯಾದ ಕೂಡಲೇ ಮಾತು ಸಿಗಲಿಲ್ಲ. ಮೇಯರ್ ತಿಸೊ ತನ್ನ ಹಿತ್ತಲಿನ ಹುರುಳಿಕಾಯಿಯ ಜಾತಿಗಳನ್ನು ಒಂದೊಂದಾಗಿ ಹೇಳಿಕೊಳ್ಳತೊಡಗಿದ. ಬೇಕರಿಯ ಮಾದಾಂ ಬರ್ಜೊ ರವಿಕೆ ಬಿಗಿದವರಿಗೆ ಶಾಪ ಹಾಕುತ್ತಾ ಮುಗುಳ್ನಕ್ಕಳು. ಅಂಚೆಯವನು ಪ್ರಾರ್ಥನೆ ಹೇಳಿದ, ಅದೂ ಅರ್ಧ ಮರೆತಿದ್ದ.

ಗಾಸ್ಪಾರ್ ಮತ್ತು ಸೊಲಾಂಜ್ ಮಾತ್ರ ಆರಾಮಾಗಿ ಮಾತಿಗಿಳಿದರು.

"ಸೊರಗಿದ್ದೀಯ," ಅಂತು ಸೊಲಾಂಜ್‌ಳ ತುಟಿ.

"ನೋಡೋದಕ್ಕೆ ಬಂದ್ಯಲ್ಲ, ಪುಣ್ಯ. ಈ ಚಳಿಗಾಲ ಅಮ್ಮನ್ನ ನೀನು ಇಟ್ಕೋ. ವಸಂತ ಬಂದ ತಕ್ಷಣ ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಮೂರನೇ ಮಹಡಿ, ಗಾಸ್ಪಾರ್. ಲಿಫ್ಟ್ ಇಲ್ಲ. ಇಡೀ ದಿನ ಸಲೂನಿನಲ್ಲಿ ನಿಂತಿರ್ತೀನಿ, ನನ್ನ ಕಾಲು ನೋಡಿದ್ದೀಯ?"

"ನನ್ನ ಕಾಲು ನೋಡಿದ್ದೀಯ? ಅವಳು ನಲ್ಲಿ ಬಿಟ್ಟು ಮರೀತಾಳೆ, ಕೇಳಿಸಲ್ಲ. ಹಾಲು ಉಕ್ಕತ್ತೆ, ಕೇಳಿಸಲ್ಲ. ಕೆಳಗಡೆ ಮಲಕ್ಕೋ ಅಂದ್ರೆ ಅಪ್ಪನ ಮಂಚ ಮೇಲಿದೆ ಅಂತಾಳೆ. ಹೋದ ವರ್ಷ ಮೆಟ್ಟಿಲಲ್ಲಿ ಬಿದ್ದು ಒಂದು ಮಧ್ಯಾಹ್ನ ಪೂರ್ತಿ ಅಲ್ಲೇ ಕೂತಿದ್ಳು, ನಾನು ಬಸ್ಸಿನಲ್ಲಿದ್ದೆ."

"ನಿಲ್ಸಿ!" ಧ್ವನಿವರ್ಧಕ ಕೂಗಿತು. ಮುಖ್ಯ ನಟ ಮಾತು ಮರೆತಿದ್ದ. ಕೋಳಿಯನ್ನು ಮತ್ತೆ ಮೊದಲಿನ ಕಡೆಗೆ ತಿರುಗಿಸಿದರು. ಗಾಜಿನ ಲೋಟಗಳಿಗೆ ದ್ರಾಕ್ಷಾರಸದ ಬದಲು ಬಣ್ಣದ ನೀರು ತುಂಬಿದರು. ಬಿಸಿಲು ಮರ ದಾಟಿ ಮೇಜಿನ ಮೇಲೆ ಬಂತು. ಮತ್ತೆ ಶುರು ಅಂದರು.

ಈ ಸಲ ಗಾಸ್ಪಾರ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಬೆವರು ಕೃತಕ ಮೀಸೆಯ ಅಂಟಿನೊಳಗೆ ಇಳಿಯುತ್ತಿತ್ತು. ಆಮೇಲೆ ತಂಗಿಯನ್ನೇ ನೋಡುತ್ತಾ ಹೇಳಿದ:

"ನಂಗೆ ಸಾಕಾಗಿದೆ, ಸೊಲಾಂಜ್. ದಿನಾ ಬೆಳಗ್ಗೆ ಅವಳಿಗೆ ಕಾಫಿ ತಗೊಂಡು ಮೇಲೆ ಹೋಗ್ತೀನಿ. ಬಾಗಿಲು ತಳ್ತೀನಿ. ಅವಳು ಅಲ್ಲಾಡೋದು ಕಾಣೋಕ್ಕೆ ಮುಂಚೆ ಒಂದು ಗಳಿಗೆ ಇರತ್ತೆ. ಆ ಗಳಿಗೆಯಲ್ಲಿ, ಏಳದೇ ಇದ್ದುಬಿಡ್ಲಿ ಅನ್ಸತ್ತೆ."

ಸೊಲಾಂಜ್‌ಳ ಕೈಯಿಂದ ಚಮಚ ತಟ್ಟೆಗೆ ಬಿತ್ತು.

 ಅದನ್ನು ಎತ್ತಿಕೊಳ್ಳದೆ ಅವಳು ತುಟಿ ಆಡಿಸಿದಳು. "ಸಲೂನಿನಲ್ಲಿ ಫೋನ್ ಹೊಡ್ಕೊಂಡಾಗೆಲ್ಲ ನೀನೇ ಇರ್ಬೇಕು ಅಂದ್ಕೋತೀನಿ. ಅಮ್ಮನ ಸುದ್ದಿ ಇರ್ಬೇಕು, ಅದೇ ಸುದ್ದಿ. ಎತ್ತಿದ್ರೆ ಯಾರೋ ಗಿರಾಕಿ. ಆಗ ನಂಗೆ ಸಮಾಧಾನ ಆಗಲ್ಲ ಕಣೋ. ಬೇಜಾರಾಗತ್ತೆ."

"ನಿಲ್ಸಿ! ಯಾರದು ಚಮಚ?"

ಇಬ್ಬರೂ ಶಾಲೆಯಲ್ಲಿ ಸಿಕ್ಕಿಬಿದ್ದ ಮಕ್ಕಳಂತೆ ತಲೆ ತಗ್ಗಿಸಿದರು. ಆದರೆ ಹುಲ್ಲಿನ ಟೋಪಿಯ ಮುದಿ ನಿರ್ದೇಶಕ ತನ್ನ ಕುರ್ಚಿಯಿಂದ ಎದ್ದು, ಮೇಜುಗಳ ನಡುವೆ ನಡೆದು, ಗಾಸ್ಪಾರನ ಮುಖದ ಮುಂದೆ ಬಂದು ನಿಂತ. ಅವನ ದನಿ ಎಷ್ಟು ಸಣ್ಣದೆಂದರೆ ಎಲ್ಲರೂ ಬಗ್ಗಿ ಕೇಳಬೇಕಾಗುತ್ತಿತ್ತು.

"ಈ ಮನುಷ್ಯ ಹೆಂಡತಿಗೆ ಏನೋ ಹೇಳ್ತಿದ್ದಾನೆ. ಏನು ಅಂತ ನನಗೆ ಬೇಡ. ಆ ಮುಖ ಬೇಕು. ಕ್ಯಾಮೆರಾ ಇಲ್ಲಿ ತನ್ನಿ. ಮಾದಾಂ, ನಿಮ್ಮ ಭುಜದ ಹಿಂದೆ ಇಡ್ತೀವಿ, ಅಲ್ಲಾಡಬೇಡಿ. ಮೋಸಿಯೊ, ಮತ್ತೆ ಅದೇ. ಅದೇ ಮಾತು, ಅದೇ ಮುಖ. ಚಮಚಾನೂ ಬೀಳ್ಲಿ."

ಹಾಗೆ, ಜೀವನದಲ್ಲಿ ಒಮ್ಮೆ ಮಾತ್ರ ಹೇಳಬಹುದಾದ ಮಾತನ್ನು ಗಾಸ್ಪಾರ್ ಅವತ್ತು ಸಂಜೆವರೆಗೆ ಮತ್ತೆ ಮತ್ತೆ ಹೇಳಿದ. ಒಮ್ಮೆ ಮೋಡ ಅಡ್ಡ ಬಂತು. ಒಮ್ಮೆ ಮೀಸೆ ಜಾರಿತು. ಒಮ್ಮೆ ಚಮಚ ಬೇಗ ಬಿತ್ತು. ಒಂದು ಸಲ ಮಾಡಿದ್ದು ಇನ್ನೊಂದು ಸಲಕ್ಕೆ ಹೊಂದುತ್ತದೆಯೇ ಅಂತ ನೋಡುವ ಹುಡುಗಿ ಬಂದು "ಮೊದಲು 'ಬಾಗಿಲು' ಅನ್ನೋ ಥರ ಕೈ ತಳ್ಳಿದ್ರಿ, ಈಗ ತಳ್ಳಲಿಲ್ಲ" ಅಂದಳು. ಅವಳಿಗೆ ಅದು ಬಾಗಿಲೆಂದು ಹೇಗೆ ಗೊತ್ತಾಯಿತೋ, ಗಾಸ್ಪಾರನಿಗೆ ಗಾಬರಿಯಾಯಿತು. ಊರನ್ನೆಲ್ಲ ಅಣಕಿಸಿದ ಮನುಷ್ಯ ಈಗ ತನ್ನನ್ನೇ ಅಣಕಿಸಬೇಕಾಯಿತು. ಪ್ರತಿ ಸಲವೂ ಮಾತು ಸ್ವಲ್ಪ ಸವೆದು, ಕೊನೆಗೆ ಹಳೇ ಚಪ್ಪಲಿಯ ಹಾಗೆ ಕಾಲಿಗೆ ಹೊಂದಿಕೊಂಡುಬಿಟ್ಟಿತು. ಸೊಲಾಂಜ್ ಕೂಡ ಪ್ರತಿ ಸಲ ತನ್ನ ಫೋನಿನ ಮಾತನ್ನು ಹೇಳಿದಳು. ಕ್ಯಾಮೆರಾಕ್ಕೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಬೇಕಿರಲಿಲ್ಲ, ಆದರೂ ಹೇಳಿದಳು.

ಸಂಜೆ ರೈಲು ನಿಲ್ದಾಣದಲ್ಲಿ ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿದರು. ಚಳಿಗಾಲದ ಮಾತು ಯಾರೂ ಎತ್ತಲಿಲ್ಲ. ಇಬ್ಬರಿಗೂ ಬಾಯಿ ನೋಯುತ್ತಿತ್ತು.

*

ಮಾರನೇ ವರ್ಷ ಸೆಪ್ಟೆಂಬರಿನಲ್ಲಿ ಸಿನಿಮಾ ನಮ್ಮೂರಿಗೆ ಬಂತು. ಅನ್ಸೆಲ್ಮ್ ಮುದುಕನ ಚಿತ್ರಮಂದಿರದ ಬಾಗಿಲಿಗೆ ಭಿತ್ತಿಚಿತ್ರ ಅಂಟಿಸಿದ ದಿನ ಯೂಜೆನಿ ಬೇಕರಿಯ ಸಾಲಿನಲ್ಲಿ ನಿಂತು ಇಡೀ ಚೌಕಕ್ಕೆ ಕೇಳಿಸುವಂತೆ ಸಾರಿದಳು:

"ಭಾನುವಾರ ನಾನು ಮುಂದಿನ ಸಾಲಿನಲ್ಲಿ ಕೂರ್ತೀನಿ! ಆ ಮೇಜಿನಲ್ಲಿ ನೀವೆಲ್ಲ ಏನೇನು ಬೊಗಳಿದ್ದೀರಿ ಅಂತ ಒಂದೂ ಬಿಡದೆ ಹೇಳ್ತೀನಿ!"

ಮಾದಾಂ ಬರ್ಜೊಳ ಕೈಯಲ್ಲಿದ್ದ ರೊಟ್ಟಿ ಚೀಲದೊಳಗೆ ಹೋಗದೆ ಹೊರಗೇ ನಿಂತಿತು. ಯಾರಿಗೂ ಕೇಳಿಸಲ್ಲ ಅಂತ ಮಿರೆಯ್ ಹೇಳಿದ್ದಳು, ನಿಜ. ಯಾರಿಗೂ ಕಾಣಿಸಲ್ಲ ಅಂತ ಹೇಳಿರಲಿಲ್ಲ. ಕಿವುಡಿಯೊಬ್ಬಳನ್ನು ಎಂಬತ್ತು ವರ್ಷ ಊರೊಳಗೆ ಇಟ್ಟುಕೊಂಡೂ ಈ ಸಣ್ಣ ವಿಷಯ ಯಾರ ತಲೆಗೂ ಹೊಳೆದಿರಲಿಲ್ಲ.

ಅವತ್ತಿನಿಂದ ಗೊದ್ರಿ ಮನೆಗೆ ಕಾಣಿಕೆ ಬರತೊಡಗಿತು. ಔಷಧಿ ಅಂಗಡಿಯವನು ಚೆರಿ ಹಣ್ಣಿನ ಮುರಬ್ಬ ತಂದ. ನೋಟರಿಯ ಹೆಂಡತಿ ಮೇಕೆ ಹಾಲಿನ ಗಿಣ್ಣು ಕಳಿಸಿ, "ನಾನು ಅವತ್ತು ಸುಮ್ನೆ ತಮಾಷೆಗೆ ಏನೋ ಅಂದಿದ್ದೆ, ಮೇಯರ್ ವಿಷಯ" ಅಂತ ಸೇರಿಸಿದಳು. ಯೂಜೆನಿ ಎಲ್ಲರಿಂದಲೂ ತಗೊಂಡಳು, ಯಾರಿಗೂ ಮಾತು ಕೊಡಲಿಲ್ಲ. ಹಳೇ ಕಪ್ಪು ಉಡುಪಿಗೆ ಹೊಸ ಕಾಲರ್ ಹೊಲಿಯುತ್ತಾ ಕೂತಳು.

ಗಾಸ್ಪಾರ್ ದೀಜೊಂಗೆ ಫೋನ್ ಮಾಡಿದ.

"ಸೊಲಾಂಜ್, ಅಲ್ಲಿ ಸಿನಿಮಾ ಬಂದಿದ್ಯಾ? ನೋಡಿದ್ಯಾ?"

"ಹೋದ ವಾರ ನೋಡ್ದೆ." ಆ ಕಡೆ ಕೂದಲು ಒಣಗಿಸುವ ಯಂತ್ರದ ಸದ್ದು. "ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

"ಕತ್ತರಿಸಿದ್ದಾರಾ?"

"ಕತ್ತರಿಸೋದಾ? ನನ್ನ ಬೆನ್ನು ಒಂದು ಮೂಲೆ, ಮಿಕ್ಕಿದ್ದೆಲ್ಲ ನೀನೇ. ಹಸುವಿನಷ್ಟು ದೊಡ್ಡ ಮುಖ. ಹಿರಿಮಗ ಅಪ್ಪನ್ನ ಬೈತಿರ್ತಾನೆ, ತೋರಿಸೋದು ನಿನ್ನ ತುಟಿ. ನಾನು ಕೂಡ ಓದ್ದೆ, ಗಾಸ್ಪಾರ್. ಒಂದಕ್ಷರ ಬಿಟ್ಟುಹೋಗಿಲ್ಲ."

ಗಾಸ್ಪಾರ್ ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡ. "ಜ್ವರ ಅಂತ ಹೇಳಿಬಿಡ್ಲಾ?"

"ಯಾರಿಗೆ, ನಿಂಗಾ, ಅವಳಿಗಾ? ಯಾರಿಗೆ ಜ್ವರ ಬಂದ್ರೂ ಅವಳು ನಡ್ಕೊಂಡೇ ಹೋಗ್ತಾಳೆ. ನಾನು ಭಾನುವಾರ ಬರ್ತೀನಿ."

"ಬಂದು ಏನ್ಮಾಡ್ತೀಯ?"

"ಏನೂ ಇಲ್ಲ. ಪಕ್ಕದಲ್ಲಿ ಕೂರ್ತೀನಿ."

ಶನಿವಾರ ಗಾಸ್ಪಾರ್ ಅಮ್ಮನ ಕನ್ನಡಕವನ್ನು ರೊಟ್ಟಿಯ ಡಬ್ಬದಲ್ಲಿ ಬಚ್ಚಿಟ್ಟ. ಕನ್ನಡಕವಿಲ್ಲದೆ ಅವಳಿಗೆ ತುಟಿ ಹಾಗಿರಲಿ, ಮೂಗೂ ಕಾಣುತ್ತಿರಲಿಲ್ಲ. ಯೂಜೆನಿ ಹುಡುಕಿದಳು. ದಿಂಬಿನ ಕೆಳಗೆ, ಹೊಲಿಗೆ ಪೆಟ್ಟಿಗೆಯಲ್ಲಿ, ಒಲೆಯ ಮೇಲೆ, ಎರಡೂ ಕೈ ಸವರುತ್ತಾ. ಮಗನ ಮುಖ ಕಾಣದ್ದರಿಂದ ಅವನು ಏನು ಹೇಳಿದರೂ ಅವಳಿಗೆ ತಲುಪುವಂತಿರಲಿಲ್ಲ. "ಇದ್ದೀಯೇನೋ? ಗಾಸ್ಪಾರ್, ಇಲ್ಲೇ ಇದ್ದೀಯೇನೋ?" ಅಂತ ಗೋಡೆಯ ಕಡೆ ತಿರುಗಿ ಕೇಳಿದಳು. ಅವನು ಅವಳ ಬೆನ್ನ ಹಿಂದೆ ನಿಂತಿದ್ದ. ಅಡುಗೆಮನೆಗೆ ಹೋಗಿ, ಕನ್ನಡಕಕ್ಕೆ ಮೆತ್ತಿದ್ದ ರೊಟ್ಟಿಯ ಪುಡಿ ಒರೆಸಿ ತಂದು ಅವಳ ಕೈಗಿಟ್ಟ.

"ಎಲ್ಲಿತ್ತು?"

"ರೊಟ್ಟಿ ಡಬ್ಬದಲ್ಲಿ."

"ನಂಗೆ ಅರಳುಮರಳು," ಅಂದಳು ಯೂಜೆನಿ, ಕನ್ನಡಕ ಏರಿಸಿ, ಅವನ ಮುಖವನ್ನು ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು ಹೊತ್ತು ನೋಡುತ್ತಾ.

*

ಭಾನುವಾರ ಮಧ್ಯಾಹ್ನ ಚಿತ್ರಮಂದಿರದಲ್ಲಿ ನಿಲ್ಲಲು ಜಾಗವಿರಲಿಲ್ಲ. ಯೂಜೆನಿ ಮುಂದಿನ ಸಾಲಿನ ನಟ್ಟನಡುವೆ, ಹೊಸ ಕಾಲರ್ ತೊಟ್ಟು, ಪಟ್ಟಾಭಿಷೇಕಕ್ಕೆ ಬಂದವಳಂತೆ ಕೂತಳು. ಒಂದು ಪಕ್ಕ ಮಗ, ಇನ್ನೊಂದು ಪಕ್ಕ ಮಗಳು.

ಮೊದಲರ್ಧ ಗಂಟೆ ದೊಡ್ಡ ಮನೆಯವರು ಪರಸ್ಪರ ಚುಚ್ಚಿಕೊಂಡರು. ಊರಿನವರು ಯಾರೂ ನೋಡುತ್ತಿರಲಿಲ್ಲ, ಎಲ್ಲರೂ ಊಟಕ್ಕೆ ಕಾಯುತ್ತಿದ್ದರು. ಕೊನೆಗೆ ಮರಗಳು ಬಂದವು, ಮೇಜು ಬಂತು, ವಾರ್ನಿಶಿನ ಕೋಳಿ ಥಳಥಳ ಹೊಳೆಯಿತು. ಹಿಂದಿನ ಸಾಲಿನಿಂದ ಯಾರೋ "ಅಯ್ಯೋ, ನಾನು!" ಅಂದರು.

ಆಗ ಯೂಜೆನಿಯ ದನಿ ಕತ್ತಲೆಯಲ್ಲಿ ಎದ್ದಿತು.

"ಮೇಯರ್ ಹೇಳ್ತಿದ್ದಾನೆ: ಉದ್ದದ ಹುರುಳಿಕಾಯಿ. ಗಿಡ್ಡ ಹುರುಳಿಕಾಯಿ. ಹಳದಿ ಹುರುಳಿಕಾಯಿ. ನಾರು ಜಾಸ್ತಿ ಇರೋದು."

ಸಭಾಂಗಣ ನಗೆಯಿಂದ ಸ್ಫೋಟಿಸಿತು. ಮೇಯರ್ ಎದ್ದು ಕೈಮುಗಿದಂತೆ ಬಾಗಿದ, ಚುನಾವಣೆ ಹತ್ತಿರವಿತ್ತು.

"ಮಾದಾಂ ಬರ್ಜೊ: ನನ್ನ ಪಕ್ಕೆ ಮುರೀತು, ಈ ರವಿಕೆ ಹೊಲ್ದವನಿಗೆ ಹೊಟ್ಟೆನೋವು ಬರ್ಲಿ. ಅಂಚೆಯವನು: ನಮ್ಮ ಅನುದಿನದ ರೊಟ್ಟಿ, ನಮ್ಮ ಅನುದಿನದ ರೊಟ್ಟಿ, ಮುಂದೆ ಏನಪ್ಪಾ..."

ಜನ ಕುರ್ಚಿಗೆ ಬಡಿದುಕೊಂಡು ನಕ್ಕರು. ಪರದೆಯ ಮೇಲೆ ಹಿರಿಮಗ ಎದ್ದು ನಿಂತು ಅಪ್ಪನ ಮೇಲೆ ಗರ್ಜಿಸುತ್ತಿದ್ದ, ಪಾಪ, ಅವನ ಮಾತು ಯಾರಿಗೂ ಬೇಕಿರಲಿಲ್ಲ. ನೋಟರಿಯ ಹೆಂಡತಿಯ ಸರದಿ ಬಂದಾಗ ಯೂಜೆನಿ ಒಂದು ಕ್ಷಣ ತಡೆದು, "ಇವಳು ಗಿಣ್ಣಿನ ವಿಷಯ ಮಾತಾಡ್ತಿದ್ದಾಳೆ" ಅಂದಳು. ಲಂಚ ಕೆಲಸ ಮಾಡಿತ್ತು.

ಗಾಸ್ಪಾರ್ ಮಾತ್ರ ನಗಲಿಲ್ಲ.  ಅಮ್ಮ ಓದುತ್ತಾಳೆ, ಓದಿದ್ದನ್ನು ಕೂಗುತ್ತಾಳೆ, ಊರೆಲ್ಲ ಕೇಳುತ್ತದೆ. ಎದ್ದು ಅವಳ ಮುಂದೆ ನಿಂತುಬಿಡಬೇಕು ಅನ್ನಿಸಿತು. ಕುರ್ಚಿಯ ಅಂಚಿಗೆ ಸರಿದ. ಕತ್ತಲೆಯಲ್ಲಿ ಸೊಲಾಂಜ್ ಅಮ್ಮನ ಬೆನ್ನ ಹಿಂದಿನಿಂದ ಕೈ ಚಾಚಿ ಅವನ ತೋಳು ಹಿಡಿದುಕೊಂಡಳು.



ಪರದೆಯ ತುಂಬ ಗಾಸ್ಪಾರನ ಮುಖ. ಅಂಟಿಸಿದ ಮೀಸೆ, ಬೆವರು, ಕಣ್ಣಿನ ಕೆಳಗಿನ ಚೀಲಗಳು. ಮೂಲೆಯಲ್ಲಿ ಸೊಲಾಂಜ್‌ಳ ಭುಜ. ಹಸುವಿನಷ್ಟು ದೊಡ್ಡ ತುಟಿ ನಿಧಾನವಾಗಿ, ಸ್ಪಷ್ಟವಾಗಿ, ತಾಯಿಗೆ ಅರ್ಥವಾಗಲೆಂದೇ ಐವತ್ತು ವರ್ಷ ಪಳಗಿದ ತುಟಿ, ಅಲ್ಲಾಡಿತು. ಕೈ ಬಾಗಿಲು ತಳ್ಳಿತು.

ಚಮಚ ಬಿತ್ತು.

ನಗು ತಾನಾಗಿ ಇಳಿಯಿತು. ಜನ ಯೂಜೆನಿಯ ದನಿಗೆ ಕಾಯುತ್ತಿದ್ದರು. ಮಾದಾಂ ಬರ್ಜೊಗೆ ತಡೆಯಲಾಗಲಿಲ್ಲ, ತನ್ನ ಮಾನ ಹೋಗಿತ್ತಲ್ಲ, ಬೇರೆಯವರದ್ದೂ ಹೋಗಲಿ ಅಂತಿರಬೇಕು. ಹಿಂದಿನಿಂದ ಬಗ್ಗಿ, ಯೂಜೆನಿಯ ಭುಜ ತಟ್ಟಿ, ಪರದೆಯ ಬೆಳಕಿಗೆ ಮುಖ ಒಡ್ಡಿ ಕೇಳಿದಳು: "ನಿಮ್ಮ ಮಗ ಏನಂತಾನೆ, ಮಾದಾಂ ಗೊದ್ರಿ?"

"ಕೋಳಿ ಬೆಂದಿಲ್ಲ ಅಂತಾನೆ!" ಕೂಗಿದಳು ಯೂಜೆನಿ. "ಯಾರ ಮದುವೆಗೆ ಹೋದ್ರೂ ಇವನದು ಇದೇ ರಾಗ!"

ಸಭಾಂಗಣ ಮತ್ತೊಮ್ಮೆ ನಕ್ಕಿತು. ಯಾರೋ ಶಿಳ್ಳೆ ಹಾಕಿದರು. ಪರದೆಯ ಮೇಲೆ ಮುಖ ಹೋಗಿ, ಬೈಸಿಕೊಳ್ಳುತ್ತಿದ್ದ ಅಪ್ಪನ ಹಣೆ ಬಂತು. ಸಿನಿಮಾ ಮುಗಿಯುವವರೆಗೆ ಯೂಜೆನಿ ಮತ್ತೆ ಬಾಯಿ ಬಿಡಲಿಲ್ಲ. ಆಯಾಸವಾಗಿರಬೇಕು ಅಂದುಕೊಂಡರು ಜನ.

*

ಮೂವರೂ ಮನೆಗೆ ನಡೆದರು. ಯೂಜೆನಿ ನಡುವೆ, ಇಬ್ಬರ ತೋಳಿಗೂ ಜೋತು. ಹಾಗೆ ನಡೆಯುವಾಗ ಅವಳು ಮಾತಾಡಬಹುದು, ಉಳಿದವರಿಗೆ ಉತ್ತರ ಕೊಡಲಾಗುವುದಿಲ್ಲ, ಅವಳು ತಿರುಗಿ ನೋಡಿದರೆ ಮಾತ್ರ ಮಾತುಕತೆ. ಗಾಸ್ಪಾರನಿಗೆ ಅವಳು ತಿರುಗುವುದೇ ಬೇಡವಾಗಿತ್ತು. ಚೌಕದ ಕಾರಂಜಿಯ ಹತ್ತಿರ ಅವಳು ನಿಂತಳು. ಎಲೆ ಉದುರಲು ಶುರುವಾಗಿದ್ದ ಮರದ ಕೆಳಗೆ ಕಲ್ಲಿನ ಕಟ್ಟೆಯ ಮೇಲೆ ಕೂತು, ಮಗನ ಕಡೆ ಮುಖ ಎತ್ತಿದಳು.

"ನಿಮ್ಮಪ್ಪನ ಕೊನೇ ವರ್ಷ, ಸೂಪ್ ತಗೊಂಡು ಹೋಗ್ತಿದ್ದೆನಲ್ಲ," ಅಂದಳು. ಅವಳ ಮಟ್ಟಿಗೆ ಅದು ಪಿಸುಮಾತು. ಕಾರಂಜಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು. "ನಂಗೂ ಬಾಗಿಲ ಹತ್ರ ಹಂಗೇ ಅನ್ಸೋದು. ನಾನು ಯಾರಿಗೂ ಹೇಳಲಿಲ್ಲ ಅಷ್ಟೇ. ನೀನು ಫ್ರಾನ್ಸ್‌ಗೆಲ್ಲ ಹೇಳ್ದೆ."

ಗಾಸ್ಪಾರ್ ಬಾಯಿ ತೆರೆದ. ತುಟಿ ಅಲ್ಲಾಡಿತು, ಆದರೆ ಯಾವ ಅಕ್ಷರವೂ ಆಗಲಿಲ್ಲ.

"ಬಿಡು. ಓದೋಕಾಗದ ಹಾಗೆ ಗೊಣಗಬೇಡ." ಅವಳು ಕನ್ನಡಕ ತೆಗೆದು ಕಾಲರಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. "ನಂಗೆ ಬೇರೆ ಒಂದು ಕೇಳ್ಬೇಕು. ಸಿನಿಮಾದಲ್ಲಿ ಇವಳ ಬೆನ್ನು ಮಾತ್ರ ಕಾಣಿಸ್ತು. ನೀನು ಅಷ್ಟೆಲ್ಲ ಹೇಳಿದ್ಮೇಲೆ ಇವಳು ಏನಂದ್ಲು?"

ಸೊಲಾಂಜ್‌ಳ ಮುಖ ಸುಣ್ಣದ ಗೋಡೆಯಾಯಿತು. ಅಣ್ಣನನ್ನು ನೋಡಿದಳು. ಗಾಸ್ಪಾರ್ ತಂಗಿಯನ್ನು ನೋಡಿದ: ಊದಿದ ಕಾಲು, ಬಣ್ಣ ಹಚ್ಚಿದ ಕೂದಲಿನ ಬುಡದಲ್ಲಿ ಬೆಳ್ಳಗೆ ಮೊಳೆತ ಗೆರೆ. ಬೆಳಗ್ಗೆಯಿಂದ ಮೊದಲ ಸಲ ಅವನ ಹುಬ್ಬು ಒಂದಿಷ್ಟು ಮೇಲೇರಿತು, ಬಸ್ಸಿನ ಮಕ್ಕಳಿಗೆ ಗೊತ್ತಿರುವ ಹುಬ್ಬು ಅದು.

"ಈ ಚಳಿಗಾಲಕ್ಕೆ ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ ಅಂದ್ಲು," ಅಂದ, ತುಟಿಯನ್ನು ಸ್ಪಷ್ಟವಾಗಿ ಆಡಿಸುತ್ತಾ.

ಯೂಜೆನಿ ನಿಧಾನವಾಗಿ ಮಗಳ ಕಡೆ ತಿರುಗಿದಳು. "ಹೌದಾ?"

ಸೊಲಾಂಜ್ ಕಾರಂಜಿ ನೋಡಿದಳು, ಚರ್ಚಿನ ಗಡಿಯಾರ ನೋಡಿದಳು. ಅಮ್ಮನ ಎದುರು ಮುಖ ತಿರುಗಿಸಿದರೆ ಮೌನ, ಎದುರಾದರೆ ಮಾತು. ನಡುವೆ ಬೇರೆ ದಾರಿಯಿಲ್ಲ. ಕೊನೆಗೆ ಎದುರಾದಳು.

"ಹೌದಮ್ಮ. ಹಾಗೇ ಅಂದೆ."

"ಸುಳ್ಳು," ಅಂದಳು ಯೂಜೆನಿ. "ಸುಳ್ಳು ಹೇಳುವಾಗ ನಿನ್ನ ಮೇಲ್ತುಟಿ ಚಿಕ್ಕಂದಿನಿಂದ್ಲೂ ಬಿಗಿಯತ್ತೆ. ಮತ್ತೆ ಇವನಿಗೆ ಹುಬ್ಬು ಏರತ್ತೆ. ನಂಗೆ ಹೋಗಿರೋದು ಕಿವಿ, ಕಣ್ಣಲ್ಲ." ಕೈ ಚಾಚಿದಳು, ಇಬ್ಬರೂ ಹಿಡಿದು ಎಬ್ಬಿಸಿದರು. "ಮೂರನೇ ಮಹಡಿ ತಾನೇ. ನಿಧಾನಕ್ಕೆ ಹತ್ತಿದ್ರಾಯ್ತು. ಆ ಮುರಬ್ಬ ಮರೀದೆ ಕಟ್ಟು, ನೋಟರಿ ಹೆಂಡತಿಯ ಗಿಣ್ಣು ಮಾತ್ರ ಇಲ್ಲೇ ಮುಗಿಸೋಣ, ವಾಸನೆ ಬಂದಿದೆ."

ದಾರಿಯುದ್ದಕ್ಕೂ ಅಮ್ಮನ ತಲೆಯ ಮೇಲಿಂದ ಸೊಲಾಂಜ್ ದನಿಯಿಲ್ಲದೆ ಅಣ್ಣನನ್ನು ಬೈದಳು. ಕಳ್ಳ, ಖದೀಮ, ಬಸ್ಸಿನ ಕೆಳಗೆ ಬಿದ್ದು ಸಾಯಿ. ಬೈದು ಬೈದು ಅವಳಿಗೇ ಸುಸ್ತಾಗಿ, ಮನೆ ಹತ್ತಿರ ಬಂದಾಗ ಬರೀ "ಅಕ್ಟೋಬರ್ ಕೊನೇಲಿ" ಅಂದಳು.

*

ಮಾರನೇ ಬೆಳಗ್ಗೆ, ಬಸ್ಸು ಹೊರಡಿಸುವ ಮುಂಚೆ, ಗಾಸ್ಪಾರ್ ಎಂದಿನಂತೆ ಕಾಫಿ ಕಾಸಿದ. ಬಟ್ಟಲನ್ನು ತಟ್ಟೆಯ ಮೇಲಿಟ್ಟು, ರೊಟ್ಟಿಯ ತುಂಡಿಟ್ಟು, ಮೆಟ್ಟಿಲು ಹತ್ತಿದ. ಮೊಣಕಾಲು ಕಟಕಟ ಅಂದಿತು. ಮೇಲೆ ಬಾಗಿಲು ಮುಚ್ಚಿತ್ತು, ಎಂದಿನಂತೆ. ಇವತ್ತು ಆ ಗಳಿಗೆ ಬಂದರೆ ಏನು ಮಾಡುವುದು ಅಂತ ಅವನಿಗೆ ಹೆದರಿಕೆಯಾಯಿತು. ಬರದಿದ್ದರೂ ಏನು ಮಾಡುವುದು ಅಂತಲೂ ಆಯಿತು.

ಅವನ ಕಾಲು ಹಳೇ ಮರದ ಮೆಟ್ಟಿಲ ಸಡಿಲ ಹಲಗೆಯ ಮೇಲೆ ಬಿದ್ದಿತು. ಹಲಗೆ ಅಲುಗಿತು. ಆ ಅಲುಗಾಟ ನೆಲದೊಳಗೆ ಹರಿದು, ಮಂಚದ ಕಾಲಿನಲ್ಲಿ ಏರಿ, ಕಿವಿಯಿಲ್ಲದವಳ ಬೆನ್ನಿಗೆ ತಲುಪಿರಬೇಕು.

ಧಡ್, ಧಡ್, ಧಡ್. ಮುಚ್ಚಿದ ಬಾಗಿಲಿನ ಆಚೆ ಊರುಗೋಲು ನೆಲಕ್ಕೆ ಬಡಿಯಿತು.

"ಇದ್ದೀನಿ!" ಹಲಗೆ ಬಡಿದಂಥ ದನಿ ಇಡೀ ಮನೆಯನ್ನು ಎಬ್ಬಿಸಿತು. "ಇನ್ನೂ ಇದ್ದೀನಿ ಕಣೋ!"

ರಾತ್ರಿ ಅಲ್ಲೇ ಉಳಿದಿದ್ದ ಸೊಲಾಂಜ್ ಪಕ್ಕದ ಕೋಣೆಯ ಬಾಗಿಲು ತೆರೆದು ತಲೆ ಹೊರಗೆ ಹಾಕಿದಳು, ಕೂದಲಿಗೆ ಸುರುಳಿ ಸಿಕ್ಕಿಸಿಕೊಂಡು, ಕಣ್ಣು ಅರ್ಧ ಮುಚ್ಚಿ. "ಏನದು ಬೆಳಬೆಳಗ್ಗೆ?"

"ಹಾಜರಿ," ಅಂದ ಗಾಸ್ಪಾರ್, ದನಿಯಿಲ್ಲದೆ.

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡ. ನಗುತ್ತಿದ್ದಾನೋ ಇನ್ನೇನೋ, ಅವನ ಬೆನ್ನು ಅಲುಗುತ್ತಿತ್ತು, ಹಿಂದಿನಿಂದ ನೋಡಿದರೆ ಹೇಳಲಾಗುತ್ತಿರಲಿಲ್ಲ. ಸೊಲಾಂಜ್ ಬರಿಗಾಲಲ್ಲಿ ಬಂದು ಪಕ್ಕದಲ್ಲಿ ಕೂತಳು. ಬಟ್ಟಲಿನಿಂದ ಒಂದು ಗುಟುಕು ಅವಳು ಕುಡಿದಳು, ಒಂದು ಗುಟುಕು ಅವನು ಕುಡಿದ.

ಧಡ್, ಧಡ್.

"ಕಾಫಿ ಎಲ್ಲೋ? ಆರಿಹೋಗ್ತಿರತ್ತೆ!"

"ಹೋಗು," ಅಂದಳು ಸೊಲಾಂಜ್.

ಗಾಸ್ಪಾರ್ ಕಂಬಿ ಹಿಡಿದು ಎದ್ದ, ಅರ್ಧ ಬಟ್ಟಲು ಕಾಫಿ ಹೊತ್ತು ಉಳಿದ ಮೆಟ್ಟಿಲು ಹತ್ತಿದ, ಬಾಗಿಲು ತಳ್ಳಿದ.